ಸ್ವಂತ ಮಾಡಿನ ಹಂಚು

ದೀಪದ ಬತ್ತಿ ಸ್ವಲ್ಪ ಏರಿಸಿ. ನಮ್ಮ ಮನೆಯ ಬಾಗಿಲ ಬಳಿ ನಿಂತವರು ಒಳಗೆ ಬಂದು ಚಾಪೆಯ ಮೇಲೆ ಕುಳಿತುಕೊಳ್ಳಿ, ಫೋನುಗಳನ್ನು ಆಚೆ ಇಡಿ. ಮಳೆಗಾಲಕ್ಕೆ ಮುಂಚೆ ನಮ್ಮ ಕ್ರೈಸ್ತ ಸಭೆಯ ಪ್ರತಿ ಮನೆಯವರೂ ತಮ್ಮ ತಲೆಯ ಮೇಲಿನ ಮಾಡಿನಿಂದ ಒಂದು ಹಂಚು ಇಳಿಸಿ ದೇವಾಲಯಕ್ಕೆ ಒಪ್ಪಿಸುವ ಹರಕೆಯ ಕಥೆ ಇದು. ತಾರಸಿ ಮನೆ ಕಟ್ಟಿಕೊಂಡವರು ಈಗ ಅಂಗಡಿಯಿಂದ ಹಂಚು ತಂದು ಕೊಡುತ್ತೀರಿ, ಆ ಮಾತು ಬೇರೆ. ನನ್ನ ಅತ್ತೆ ಈ ಕಥೆಯನ್ನು ಓದುತ್ತಿದ್ದರು, ಅವರ ನಂತರ ನಾನು ಓದುತ್ತಿದ್ದೇನೆ. ಪ್ರತಿ ವರ್ಷ ಸಮಾಧಾನದಿಂದ ಓದುವವಳು ಈ ವರ್ಷ ಸಿಟ್ಟಿನಿಂದ ಓದುತ್ತೇನೆ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ನದಿಯು ಸಮುದ್ರವನ್ನು ಸೇರುವ ಅಳಿವೆಯ ಬಳಿ ಒಂದು ಊರು, ಆ ಊರಿನಲ್ಲಿ ಒಂದು ಹಂಚಿನ ಕಾರ್ಖಾನೆ. ಅಲ್ಲಿ ಜೇಡಿಮಣ್ಣು ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ, ಸುಟ್ಟು, ತಲೆಯ ಮೇಲೆ ಹೊತ್ತು ಹಡಗಿಗೆ ತುಂಬುತ್ತಿದ್ದ ಕೂಲಿಗಳು ಕ್ರೈಸ್ತರಾಗಿದ್ದರು. ಊರ ಪಟೇಲನ ಮಹಡಿಗೂ, ಕಾರ್ಖಾನೆಯ ಸಾಹುಕಾರನ ಬಂಗಲೆಗೂ, ಹೆಸರೇ ಕೇಳದ ದೇಶಗಳ ಮನೆಗಳಿಗೂ ಮಾಡು ಹೊದಿಸಿದ್ದು ಅವರ ಕೈ. ಆದರೆ ಅವರು ದೇವರ ಮುಂದೆ ಮೊಣಕಾಲೂರುವುದಕ್ಕೆ ಒಂದು ಮಾಡು ಇರಲಿಲ್ಲ. ಇದನ್ನು ಯಾರಾದರೂ ನ್ಯಾಯ ಎನ್ನುತ್ತಾರೆಯೇ?

ಮೊದಲು ಅವರು ಹಂಚು ಒಣಗಿಸುವ ಶೆಡ್ಡಿನಲ್ಲಿ ಭಾನುವಾರದ ಆರಾಧನೆ ಮಾಡುತ್ತಿರಲಾಗಿ, ಹಾಡಿನ ಸದ್ದಿಗೆ ತನ್ನ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಸಾಹುಕಾರನು ಓಡಿಸಿದನು. ಅಲ್ಲಿಂದ ದೋಣಿ ಕೊಟ್ಟಿಗೆಗೆ ಹೋಗಲಾಗಿ, ಇವರು ಕಾಲಿಟ್ಟ ಮೇಲೆ ಬಲೆಗೆ ಮೀನು ಬೀಳುತ್ತಿಲ್ಲವೆಂದು ದೋಣಿಯ ಯಜಮಾನರು ಓಡಿಸಿದರು. ಗೇರುಮರದ ಕೆಳಗೆ ಕೂರಲಾಗಿ, ಮರವೂ ತನ್ನದೇ, ಮರದ ನೆರಳೂ ತನ್ನದೇ ಎಂದು ಪಟೇಲನು ಆಳು ಕಳಿಸಿದನು. ನೆರಳಿಗೂ ಒಡೆತನ ಹೇಳುವವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ, ನನ್ನ ಬಾಯಿ ಯಾಕೆ ಹಾಳುಮಾಡಿಕೊಳ್ಳಲಿ.

ಆ ಸಭೆಯಲ್ಲಿ ಸಲೋಮಿ ಎಂಬ ಒಬ್ಬ ಮುದುಕಿ ಇದ್ದಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಕಾರ್ಖಾನೆಯ ಹಿಂದೆ ಒಂದು ಗೂಡಿನಂಥ ಮನೆ. ಅವಳು ಸಭೆಯವರನ್ನು ಕೂಡಿಕೊಂಡು ದಿನಾ ಬೆಳಿಗ್ಗೆ ಪಟೇಲನ ಗೇಟಿನ ಮುಂದೆ ನಿಂತು, ಒಂದು ತುಂಡು ನೆಲ ಕೊಡಿರೆಂದು ಬೇಡಿ, ಬೈಸಿಕೊಂಡು, ಮರುದಿನ ಮತ್ತೆ ಹೋಗಿ ನಿಲ್ಲುವಳು. ಕೊನೆಗೆ ಪೀಡೆ ತೊಲಗಲಿ ಎಂದು ಪಟೇಲನು ಊರಾಚೆಯ ಕೆಂಪು ಮುರಕಲ್ಲಿನ ಗುಡ್ಡೆಯನ್ನು ತೋರಿಸಿ, ಊರವರ ಎದುರು ಒಂದು ಷರತ್ತು ಹಾಕಿದನು. ಮಳೆ ಹಿಡಿಯುವ ಮೊದಲು ಅಲ್ಲಿ ಮಾಡು ಏಳಬೇಕು, ಮಳೆಗಾಲ ಮುಗಿಯುವವರೆಗೆ ಒಳಗಿನ ನೆಲಕ್ಕೆ ಒಂದು ಹನಿ ನೀರೂ ಬೀಳಬಾರದು, ಬಿದ್ದರೆ ಜಾಗ ವಾಪಸು. ಷರತ್ತು ಹಾಕಿದವನೇ ಸಂಜೆ ಸಾಹುಕಾರನ ಬಳಿ ಹೋಗಿ, ಇವರಿಗೆ ಒಂದು ಹಂಚೂ ಮಾರಬೇಡವೆಂದು ಹೇಳಿ ಬಂದನು.

ಸಭೆಯವರು ಗುಡ್ಡೆಯ ಕಲ್ಲನ್ನೇ ಕಡಿದು ಗೋಡೆ ಎಬ್ಬಿಸಿ, ಹಲಸಿನ ಮರ ಕೊಯ್ದು ಹಂಚು ಹೊರುವ ಪಕ್ಕಾಸು ಏರಿಸಿ, ಹಂಚಿಗಾಗಿ ಕಾರ್ಖಾನೆಗೆ ಹೋಗಲಾಗಿ, ಸಾಹುಕಾರನು ಇಲ್ಲವೆಂದನು. ತಾವೇ ಮಾಡಿದ ಹಂಚು ರಾಶಿ ರಾಶಿ ಬಿದ್ದಿರುವುದನ್ನು ನೋಡುತ್ತಾ ಅವರು ಬರಿಗೈಲಿ ತಿರುಗಿದರು. 

ಆಗ ಸಲೋಮಿ ಅಜ್ಜಿಯು ಯಾರಿಗೂ ಹೇಳದೆ ಮನೆಗೆ ಹೋಗಿ, ಏಣಿ ಇಟ್ಟು, ತಾನು ಮಲಗುವ ಜಾಗದ ಮೇಲಿನ ಹಂಚುಗಳನ್ನು ಇಳಿಸಿ, ಆ ತೂತಿಗೆ ತೆಂಗಿನ ಗರಿಯ ಮಡಲು ಹೊದಿಸಿ, ಹಂಚುಗಳನ್ನು ತಲೆಯ ಮೇಲೆ ಹೊತ್ತು ಗುಡ್ಡೆ ಹತ್ತಿದಳು. ಅದನ್ನು ಕಂಡು ಉಳಿದವರೂ ತಮ್ಮ ತಮ್ಮ ಮಾಡಿನಿಂದ ಹಂಚು ಇಳಿಸಿ ತಂದರು. ಹೊಗೆ ಹಿಡಿದ ಹಂಚು, ಪಾಚಿ ಕಟ್ಟಿದ ಹಂಚು, ಬಣ್ಣಕ್ಕೆ ಬಣ್ಣ ಕೂಡದ ಹಂಚು, ಎಲ್ಲ ಸೇರಿ ದೇವಾಲಯಕ್ಕೆ ಮಾಡಾಯಿತು.

ಅದೇ ಸಭೆಯಲ್ಲಿ ಕಾರ್ಖಾನೆಯ ಮೇಸ್ತ್ರಿಯ ಹೆಂಡತಿ ಪ್ರಿಸಿಲ್ಲಮ್ಮ ಎಂಬವಳಿದ್ದಳು. ಹಾಡಿನಲ್ಲಿ ಅವಳ ದನಿ ಎಲ್ಲರಿಗಿಂತ ಮೇಲೆ, ಚಾಪೆ ಎಲ್ಲರಿಗಿಂತ ಮುಂದೆ. ಚೆಂದದ ಮಾಡಿನಲ್ಲಿ ತೂತು ಮಾಡಿ ಮಡಲು ಹೊದಿಸಿದರೆ ಕಂಡವರು ಏನೆಂದುಕೊಂಡಾರು ಎಂದು ಅವಳು ಯೋಚಿಸಿ, ಬಚ್ಚಲಿನ ಹಿಂದೆ ಬಿದ್ದಿದ್ದ ಒಂದು ಸೀಳು ಹಂಚನ್ನು ಎತ್ತಿ, ಸೀಳಿಗೆ ಕೆಮ್ಮಣ್ಣು ಮೆತ್ತಿ, ಸೆರಗಿನಿಂದ ಒರೆಸಿ ಹೊಳಪು ಮಾಡಿ, ತನ್ನ ಮಾಡಿನದೇ ಎಂದು ಹೇಳಿ ಒಪ್ಪಿಸಿದಳು. ಪಟೇಲನು ಹೊರಗಿನವನು, ಅವನ ಮೇಲೆ ನನಗೆ ಅರ್ಧ ಸಿಟ್ಟು. ಇವಳು ನಮ್ಮವಳು.

ಮಳೆ ಹಿಡಿಯಿತು. ಪಟೇಲನು ಕೊಡೆ ಹಿಡಿಸಿಕೊಂಡು ಬಂದು ಆಲಯದ ನಡುವೆ ನಿಂತು ಮೇಲೆ ನೋಡುತ್ತಿರಲಾಗಿ, ಕೆಮ್ಮಣ್ಣು ಕರಗಿ, ಸೀಳಿನಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ ತೂಗಿತು. ಅವನು ನಗುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಲೋಮಿ ಅಜ್ಜಿಯು ಸರಸರ ಬಂದು ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹನಿ ಅವಳ ನೆತ್ತಿಯ ಮೇಲೆ ಬಿತ್ತು.

“ಎಂತ ಧಣಿ, ನೆಲ ಒದ್ದೆ ಆದದ್ದು ಎಲ್ಲುಂಟು? ತೋರಿಸಿ, ನೋಡುವ,” ಎಂದಳು.

ಪಟೇಲನ ಮುಖ ಕಪ್ಪಿಟ್ಟಿತು. ಊರವರ ಎದುರು ಆಡಿದ ಮಾತು, ನುಂಗುವಂತಿಲ್ಲ. ಇನ್ನು ಮಾಡಿಗೆ ಏಣಿ ಇಟ್ಟರೂ, ಕೆಳಗೆ ಪಾತ್ರೆ ಇಟ್ಟರೂ ಸೋರುವುದನ್ನು ಒಪ್ಪಿಕೊಂಡ ಹಾಗೆ, ಆಗ ಜಾಗ ತನ್ನದೆಂದು ಹೊಸ ಷರತ್ತು ಸೇರಿಸಿ, ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿ ಹೋದನು.

ಅಂದಿನಿಂದ ಸಭೆಯವರು ಪಾಳಿ ಹಾಕಿಕೊಂಡು ಆ ಹನಿಯ ಕೆಳಗೆ ಕುಳಿತರು. ದಪ್ಪ ಬಟ್ಟೆಯನ್ನು ಮಡಚಿ ತಲೆಯ ಮೇಲಿಟ್ಟು, ಅದು ನೆನೆದಾಗ ಇನ್ನೊಬ್ಬರನ್ನು ಕೂರಿಸಿ, ಹೊರಗೆ ಹೋಗಿ ಹಿಂಡಿ, ಮತ್ತೆ ಬಂದು ಕುಳಿತರು. ಕಾರ್ಖಾನೆಯಿಂದ ಬಂದ ಮೈಯಲ್ಲೇ ಕುಳಿತರು, ಬಸುರಿಯರು ಕುಳಿತರು, ಕೆಮ್ಮುವವರು ಕುಳಿತರು. ಕುಳಿತಲ್ಲೇ ಪ್ರಾರ್ಥಿಸಿದರು, ಕುಳಿತಲ್ಲೇ ಗಂಜಿ ಉಂಡರು. ಪ್ರಿಸಿಲ್ಲಮ್ಮನು ಮಾತ್ರ ಒಮ್ಮೆ ತಲೆನೋವೆಂದು, ಒಮ್ಮೆ ನೆಂಟರು ಬಂದಿದ್ದಾರೆಂದು ಮನೆಯಲ್ಲೇ ಉಳಿದಳು.

ಆದರೆ ಅವಳ ಮನೆಯಲ್ಲಿ ಟಪ್ ಟಪ್ ಎಂದು ಹನಿ ಬೀಳುವ ಸದ್ದು ಕೇಳತೊಡಗಿತು. ಜಗಲಿಯಲ್ಲಿ ಒಂದು ಕೊಡ ಇಟ್ಟಳು, ಸದ್ದು ಅಡುಗೆಮನೆಗೆ ಹೋಯಿತು. ಅಲ್ಲಿ ಚರಿಗೆ ಇಟ್ಟಳು, ಸದ್ದು ಮಂಚದ ಬಳಿಗೆ ಬಂತು. ಮನೆ ತುಂಬ ಪಾತ್ರೆ ಹರಡಿದಳು, ಒಂದು ಪಾತ್ರೆಯೂ ಒದ್ದೆಯಾಗಲಿಲ್ಲ, ಸದ್ದೂ ನಿಲ್ಲಲಿಲ್ಲ. ಉಂಡದ್ದು ಮೈಗೆ ಹತ್ತದೆ, ಕಣ್ಣಿಗೆ ನಿದ್ದೆ ಹತ್ತದೆ ಸೊರಗಿದಳು. ಗಂಡನಿಗೆ ಆ ಸದ್ದು ಕೇಳುತ್ತಲೇ ಇರಲಿಲ್ಲ.

ಹೀಗಿರುವಲ್ಲಿ ಸಲೋಮಿ ಅಜ್ಜಿಗೆ ಜ್ವರ ಬಂತು. ನೋಡಲು ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆಂದು ಪ್ರಿಸಿಲ್ಲಮ್ಮನು ಗಂಜಿ ತೆಗೆದುಕೊಂಡು ಹೋದಳು. ಹೋಗಿ ನೋಡಿದರೆ, ಮಾಡಿನ ತೂತಿಗೆ ಹೊದಿಸಿದ ಮಡಲು ಕೊಳೆತು, ನೀರು ನೇರವಾಗಿ ಅಜ್ಜಿಯ ಹಾಸಿಗೆಗೇ ಇಳಿಯುತ್ತಿತ್ತು. ಅಲ್ಲಿ ಆಲಯದಲ್ಲಿ ನೆನೆದು ಬಂದವಳು ಇಲ್ಲಿ ಮನೆಯಲ್ಲೂ ನೆನೆದು ಮಲಗಿದ್ದಳು. ಪ್ರಿಸಿಲ್ಲಮ್ಮನು ಗಂಜಿಯ ಪಾತ್ರೆ ಕೆಳಗಿಟ್ಟಳು. ಅಜ್ಜಿಯ ಕಾಲು ಹಿಡಿದು, ಸೀಳು ಹಂಚು ತನ್ನದೆಂದು ಹೇಳಿ ಅಳತೊಡಗಿದಳು.

ಅಜ್ಜಿಯು ಕಣ್ಣು ತೆರೆದು, “ಗೊತ್ತುಂಟು ಮಗಾ. ಆ ಹಂಚು ಏರಿಸುವಾಗ ಕೆಳಗಿನಿಂದ ಕೊಟ್ಟದ್ದು ನಾನೇ ಅಲ್ವಾ? ಕೆಮ್ಮಣ್ಣು ನನ್ನ ಕೈಗೂ ತಾಗಿತ್ತು. ದೇವರ ಮನೆಗೆ ಹೀಗೆ ಕೊಡುವವರು ಇರಲಿಕ್ಕಿಲ್ಲ ಅಂತ ನಂಬಿ ಏರಿಸಿಬಿಟ್ಟೆ. ಅಳುವುದು ಆಮೇಲೆ ಅಳು. ಈಗ ಅಲ್ಲಿ ಯಾರು ಕೂತಿದ್ದಾರೆ ನೋಡಿ, ಅವರನ್ನು ಎಬ್ಬಿಸಿ ನೀನು ಕೂತುಕೋ,” ಎಂದಳು.

ಪ್ರಿಸಿಲ್ಲಮ್ಮನು ಮೊದಲು ತನ್ನ ಮಾಡಿನ ಹಂಚು ಇಳಿಸಿ ತಂದು ಅಜ್ಜಿಯ ಮಾಡು ಮುಚ್ಚಿಸಿ, ನಂತರ ಗುಡ್ಡೆ ಹತ್ತಿ, ಎಲ್ಲರ ಮುಂದೆ ತನ್ನ ತಪ್ಪು ಒಪ್ಪಿಕೊಂಡು, ಹನಿಯ ಕೆಳಗೆ ಕುಳಿತಳು. ಮೊದಲ ಹನಿ ನೆತ್ತಿಗೆ ಬಿದ್ದ ಕೂಡಲೇ ಅವಳ ಕಿವಿಯೊಳಗಿನ ಸದ್ದು ನಿಂತಿತು. ಮಳೆಗಾಲ ಮುಗಿಯುವವರೆಗೆ ಹೆಚ್ಚಿನ ಪಾಳಿ ಅವಳೇ ಕುಳಿತಳು. ಅಜ್ಜಿ ಸಾಯುತ್ತಾಳೆಂದು ನೀವು ಕಾದಿದ್ದರೆ, ಇಲ್ಲ, ಅವಳು ಜ್ವರ ಬಿಟ್ಟು ಎದ್ದು ಬಂದು, ಪ್ರಿಸಿಲ್ಲಮ್ಮ ಬಟ್ಟೆ ಹಿಂಡುವುದು ಸರಿಯಿಲ್ಲವೆಂದು ತಕರಾರು ತೆಗೆದಳು.

ಮಳೆ ಬಿಟ್ಟ ಮೇಲೆ ಪಟೇಲನು ಬಂದು, ಬಗ್ಗಿ, ಆ ಜಾಗದ ನೆಲವನ್ನು ಅಂಗೈಯಿಂದ ಮುಟ್ಟಿದನು. ಅವನ ಕೈಗೆ ಒಣ ಧೂಳು ಅಂಟಿತು. ಅವನು ಕೈ ಒರೆಸಿಕೊಂಡು ಹೊರಟುಹೋದನು, ಜಾಗ ಸಭೆಯದಾಯಿತು. ಅವನ ಮನಸ್ಸು ಕರಗಿತೆಂದು ಕಥೆ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ, ಅವನ ಮನಸ್ಸು ಕರಗಿದ್ದನ್ನು ಕಂಡವರಿಲ್ಲ. ಪ್ರಿಸಿಲ್ಲಮ್ಮನು ತನ್ನ ಮಂಚದ ಮೇಲಿನ ಹಂಚನ್ನು ತಂದು ಸೀಳು ಹಂಚಿನ ಜಾಗಕ್ಕೆ ಹಾಕಿಸಿದಳು. ಅಂದಿನಿಂದ ಈ ಹರಕೆ ನಡೆದು ಬಂದಿದೆ. ಅದನ್ನು ಮನಸಾರೆ ನಡೆಸಿದ ಮನೆಗಳಲ್ಲಿ ಉಣ್ಣಲು ಉಡಲು ಕಡಿಮೆಯಾಗಲಿಲ್ಲ.

ಈಗ ನನ್ನ ಸಿಟ್ಟಿನ ಮಾತು. ದೂರದ ರಾಜ್ಯಗಳಿಂದ ನಮ್ಮ ಮೀನಿನ ಬಂದರಿಗೆ ಕೂಲಿಗೆ ಬಂದವರು, ಅವರೂ ಕ್ರೈಸ್ತರೇ, ಹರಾಜುಕಟ್ಟೆಯ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಅಲ್ಲಿಂದ ಅವರನ್ನು ಓಡಿಸಿದ್ದಾರೆ. ಭಾನುವಾರ ಮಧ್ಯಾಹ್ನ ಖಾಲಿ ಇರುವ ನಮ್ಮ ದೇವಾಲಯವನ್ನು ಒಂದಿಷ್ಟು ಹೊತ್ತು ಕೊಡಿ ಎಂದು ಅವರು ಕೇಳಿಕೊಂಡು ಬಂದರೆ, ನಮ್ಮ ಕಮಿಟಿಯವರು ಏನೆಂದರು? ಹೊಸದಾಗಿ ಟೈಲ್ಸ್ ಹಾಕಿಸಿದ್ದೇವೆ, ನೆಲ ಗಲೀಜಾಗುತ್ತದೆ ಎಂದರು. ಯಾವ ನೆಲ? ಜ್ವರ ಬಂದ ಮೈಗಳು ಹನಿಗೆ ತಲೆಯೊಡ್ಡಿ ಒಣಗಿಸಿ ಇಟ್ಟ ನೆಲ! ಪಟೇಲನು ಸತ್ತು ಎಷ್ಟೋ ಕಾಲವಾಯಿತು, ಅವನ ನಾಲಿಗೆ ನಮ್ಮ ಬಾಯಿಗೆ ಹೇಗೆ ಬಂತು?

ಈ ಕಥೆಯನ್ನು ಓದಿದವರ, ಕೇಳಿದವರ, ಕೇಳಿ ಇನ್ನೊಬ್ಬರಿಗೆ ಹೇಳಿದವರ ಮಾಡು ಸೋರದಿರಲಿ, ಅವರು ಮೊಣಕಾಲೂರಿದ ನೆಲ ಅವರದಾಗಲಿ, ಅವರ ಮಕ್ಕಳು ಯಾರ ಗೇಟಿನ ಮುಂದೆಯೂ ನಿಲ್ಲದಿರಲಿ. ಆದರೆ ಕೇಳಿಯೂ ಬಾಗಿಲು ಮುಚ್ಚಿಟ್ಟವರಿಗೆ ಈ ಫಲ ಇಲ್ಲ. ಅವರಿಗೆ ಪ್ರಿಸಿಲ್ಲಮ್ಮನ ಕಿವಿಯ ಸದ್ದೇ ಗತಿ.

ಕಮಿಟಿಯ ಸೆಕ್ರೆಟರಿ ಬೇರೆ ಯಾರೂ ಅಲ್ಲ, ಇಲ್ಲಿ ನನ್ನೆದುರು ತಲೆ ತಗ್ಗಿಸಿ ಕುಳಿತಿರುವ ನನ್ನ ಮಗ ಜಯಶೀಲ. ದೇವಾಲಯದ ಕೀಲಿಕೈ ಅಗೋ, ಆ ಗೋಡೆಯ ಮೊಳೆಯಲ್ಲಿದೆ. ಹೊರಗೆ ಹನಿಯಲು ಶುರುವಾಗಿದೆ. ಬಂದರಿನ ಆ ಜನ ಪ್ರಾರ್ಥನೆಗೆ ಜಾಗವಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದಾರೆ, ಮನೆಗೆ ಬರುವಾಗ ನಾನೇ ನೋಡಿ ಬಂದೆ. ಕಥೆ ಮುಗಿಯಿತು, ಆಮೆನ್ ಹೇಳುವುದು ಬಾಕಿ ಇದೆ. ಅದನ್ನು ಅಲ್ಲಿ ದೇವಾಲಯದ ಬಾಗಿಲು ತೆರೆದ ಮೇಲೆ, ಅವರ ಜೊತೆ ಕುಳಿತು ಹೇಳೋಣ. ಏಳು ಮಗಾ, ಕೀಲಿಕೈ ತೆಗೆದುಕೋ.