ನೀಲವ್ವನ ಜೀಪಿಗೆ ಟರ್ಬೊ

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಡೀಸೆಲ್ ಜೀಪಿತ್ತು. ಯಾರೋ ಹದಿನೈದು ವರ್ಷ ಓಡಿಸಿ ಬಿಟ್ಟದ್ದನ್ನು ಮಠ ಕೊಂಡಿತ್ತು. ಅದನ್ನು ಓಡಿಸುವವಳು ನೀಲವ್ವ. ಓಡಿಸಲು ಕಲಿಸಿದವರು ಮಠದ ಸ್ವಾಮಿಗಳಾದ ಫಕೀರಯ್ಯ ಅಜ್ಜಾರು.

ಕಾವಿ ತೊಡುವ ಮೊದಲು ಅಜ್ಜಾರು ಇಪ್ಪತ್ತೆರಡು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಈಗಲೂ ಅವರ ಬೆರಳುಗಳಲ್ಲಿ ವಿಭೂತಿಯ ಜೊತೆಗೆ ಗ್ರೀಸು ಇರುತ್ತಿತ್ತು. ಧ್ಯಾನ ಕಲಿಯಬೇಕೆಂದು ಬಂದ ನೀಲವ್ವನ ಕೈಗೆ ಅವರು ಮೊದಲು ಕೊಟ್ಟದ್ದು ಬೋಲ್ಟು ಬಿಚ್ಚುವ ಪಾನಾ.

ಗುಡ್ಡದ ಈಚೆಗೆ ಮಠ, ಐದಾರು ಹಳ್ಳಿ. ಗುಡ್ಡದ ಆಚೆಗೆ ಆಸ್ಪತ್ರೆ. ನಡುವೆ ಹನ್ನೊಂದು ತಿರುವಿನ ಏರು. ಹಾವು ಕಡಿದರೂ, ಹೆರಿಗೆ ನೋವು ಬಂದರೂ ಜನ ಓಡಿ ಬರುತ್ತಿದ್ದದ್ದು ನೀಲವ್ವನ ಬಳಿಗೆ.

ಹಿಂದಿನ ಯುಗಾದಿಯ ಮರುದಿನ ಹೀಗೇ ಒಬ್ಬ ಬಸುರಿಯನ್ನು ಕೂರಿಸಿಕೊಂಡು ಹೊರಟಾಗ ಜೀಪು ಏರಿನಲ್ಲಿ ತೆವಳಿತು. ಏಳನೇ ತಿರುವಿನಲ್ಲಿ, ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಉಳಿದರು. ಊರವರು ನಕ್ಕು, ಕೂಸನ್ನು ‘ತಿರುವಪ್ಪ’ ಎಂದು ಕರೆದರು.

ನೀಲವ್ವನಿಗೆ ಮಾತ್ರ ನಗು ಬರಲಿಲ್ಲ. ಅಂದು ಒಂದೊಂದೇ ತಿರುವು ಎಣಿಸುತ್ತ ಓಡಿಸಿದ್ದು ಅವಳಿಗೆ ಮರೆತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಪೇಟೆಯ ಗುಜರಿಯಿಂದ ಗೋಣಿಚೀಲದಲ್ಲಿ ಏನನ್ನೋ ಹೊತ್ತು ತಂದಳು. ಅಜ್ಜಾರ ಮುಂದೆ ಬಿಚ್ಚಿಟ್ಟಳು. ಬಸವನಹುಳುವಿನಂತೆ ಸುರುಳಿ ಸುತ್ತಿಕೊಂಡ ಕಬ್ಬಿಣದ ಗಡ್ಡೆ.

“ಟರ್ಬೊ ಐತ್ರಿ ಅಜ್ಜಾರ. ಎಂಜಿನ್ ಬಿಟ್ಟ ಹೊಗಿ ಇದರ ಚಕ್ರ ತಿರುಗಸ್ತೈತಿ. ಚಕ್ರ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬತೈತಿ. ಗುಡ್ಡ ಹಾರಿಕೊಂಡು ಹೋಗಬಹುದ್ರಿ.”

ಅಜ್ಜಾರು ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಸದ್ದಿಲ್ಲದೆ ತಿರುಗಿತು. ಅವರ ಮುಖ ಅರಳಿತು.

“ಚೊಲೋ ಐತಿ,” ಎಂದರು.

“ಕೂಡಸ್ಲ್ಯಾ ಹಂಗಾರ?”

“ನನ್ನ ಯಾಕ ಕೇಳ್ತಿ? ಯಾರಿಗೆ ಕೂಡಸ್ತಿಯೋ ಅವರನ್ನ ಕೇಳು.”

ನೀಲವ್ವ ಜೀಪಿನ ಕಡೆ ನೋಡಿದಳು. ಅಜ್ಜಾರು ಎದ್ದು ಹೋಗಿ ಬಾನೆಟ್ ಎತ್ತಿದರು. ಎಂಜಿನ್ ಚಾಲೂ ಮಾಡಿಸಿದರು. ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

ಆ ಬಾಯಿಯಿಂದ ಹೊಗೆ ಬಂತು. ಮುದುಕ ಬೀಡಿ ಸೇದಿದ ಹಾಗೆ ಬುಸ್, ಬುಸ್, ಬುಸ್.

“ಏನಂತೈತಿ?” ಎಂದು ಕೇಳಿದರು ಅಜ್ಜಾರು.

ನೀಲವ್ವನ ಮುಖ ಇಳಿಯಿತು. “ಪಿಸ್ಟನ್ನಿನ ರಿಂಗು ಸವದಾವ್ರಿ. ಒಳಗ ಉಳೀಬೇಕಾದ ಉಸಿರು ಕೆಳಗ ಸೋರಾಕತ್ತೈತಿ.”

“ಸೋರೋ ಕೊಡಕ್ಕ ಇನ್ನೊಂದು ನಳ ಹಚ್ಚತೀ ಏನು?”

ನೀಲವ್ವ ಪಾನಾ ಕೈಗೆತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಕೆಳಗಿಳಿದಿತ್ತು.

ಹಾಲಿನ ವ್ಯಾನಿನವನು, ಜೀಪು ಸರಿಯಾಗುವ ತನಕ ರೋಗಿಗಳನ್ನು ತಾನು ಒಯ್ಯುತ್ತೇನೆಂದು ಒಪ್ಪಿದ. ಎಂಜಿನ್ ಬ್ಲಾಕು ಪೇಟೆಯ ಲೇಥ್ ಅಂಗಡಿಗೆ ಹೋಯಿತು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು. ನೀಲವ್ವ ಒಂದೊಂದು ಬೋಲ್ಟನ್ನೂ ಡೀಸೆಲ್ಲಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಪೂಜೆಯ ಸಾಮಾನೆಂದು ತಿಳಿದು ಭಕ್ತರೊಬ್ಬರು ಅದಕ್ಕೆ ಕೈ ಮುಗಿದು ಹೋದರು. ಅಜ್ಜಾರು ಅವರನ್ನು ತಡೆಯಲಿಲ್ಲ.

ಇಪ್ಪತ್ತನೆಯ ದಿನ ಎಂಜಿನ್ ಮತ್ತೆ ಜೀಪಿಗೇರಿತು. ಟರ್ಬೊ ಕೂತಿತು. ಅದಕ್ಕೆ ಆಯಿಲ್ ಮುಟ್ಟಿಸುವ ತಾಮ್ರದ ಕೊಳವೆಯನ್ನು ಅಜ್ಜಾರು ತಾವೇ ಬಗ್ಗಿಸಿ ಕೂಡಿಸಿದರು.

ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡುವ ಸಣ್ಣದೊಂದು ತಿರುಪು ಇತ್ತು. ನೀಲವ್ವ ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟಳು.

“ಎಷ್ಟು ಬಿಗಿ ಮಾಡ್ಲಿರಿ ಅಜ್ಜಾರ?”

“ಮೊದಲ ಉಣ್ಣು ಬಾ.”

ಪ್ರಸಾದದ ಪಂಕ್ತಿಯಲ್ಲಿ ಅಂದು ಅಜ್ಜಾರು ತಾವೇ ಬಡಿಸಲು ನಿಂತರು. ನೀಲವ್ವ ಎರಡು ರೊಟ್ಟಿ ತಿಂದಳು. ಮೂರನೆಯದನ್ನು ಹಾಕಿದರು. ತಿಂದಳು. ನಾಲ್ಕನೆಯದು ಬಿತ್ತು.

“ಸಾಕ್ರಿ.”

“ಗುಡ್ಡ ಹತ್ತೋಕಿ ನೀ. ತಿನ್ನು.”

ಐದನೆಯದು ಬಿತ್ತು. ಅದರ ಮೇಲೆ ಒಂದು ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಪಂಕ್ತಿಯವರೆಲ್ಲ ಕೈ ನಿಲ್ಲಿಸಿ ನೋಡತೊಡಗಿದರು. ಅಜ್ಜಾರು ಆರನೆಯ ರೊಟ್ಟಿ ಹಿಡಿದು ಬಗ್ಗಿದಾಗ ನೀಲವ್ವ ಎರಡೂ ಕೈಯನ್ನು ತಾಟಿನ ಮೇಲೆ ಅಡ್ಡ ಹಿಡಿದಳು.

“ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೀನ್ರಿ! ಹೊಟ್ಟಿ ಒಡೀತೈತಿ!”

“ನಿನಗ ಬಾಯಿ ಐತಿ, ಹೇಳಿದಿ,” ಎಂದು ಅಜ್ಜಾರು ಮುಂದಿನ ತಾಟಿಗೆ ನಡೆದರು.

ಊಟ ಮುಗಿಸಿ ಬಂದ ನೀಲವ್ವ ತಿರುಪನ್ನು ಕಾಲು ಸುತ್ತು ಮಾತ್ರ ತಿರುಗಿಸಿದಳು. ಆಮೇಲೆ ಬೇವಿನ ಮರದ ಕೆಳಗೆ ಹೊಟ್ಟೆ ಹಿಡಿದುಕೊಂಡು ಮಲಗಿದಳು.

ಹೊಸ ರಿಂಗು ಹೊಂದಿಕೊಳ್ಳಲೆಂದು ಒಂದು ತಿಂಗಳು ಬಯಲಿನಲ್ಲೇ, ಸೈಕಲ್ಲಿನವರೂ ಹಿಂದೆ ಹಾಕುವಷ್ಟು ಮೆಲ್ಲಗೆ ಓಡಿಸಿದಳು. ಜನ ಕೇಳಿದರು, “ಏನವ್ವಾ ನೀಲವ್ವ, ಇದೇ ಏನು ನಿನ್ನ ಟರ್ಬೊ?” ಅವಳು ಹಲ್ಲು ಕಚ್ಚಿ ನಕ್ಕಳು.

ಹುಣ್ಣಿಮೆಯ ಬೆಳಿಗ್ಗೆ ಬರಮಪ್ಪ ಎಂಬ ಕುರುಬರ ಹುಡುಗ ಏದುಸಿರು ಬಿಡುತ್ತ ಬಂದ. ಹೆಂಡತಿ ಹುಲಿಗೆವ್ವನಿಗೆ ನೋವು ಎದ್ದಿತ್ತು. ಚೊಚ್ಚಲ ಬಸುರಿ. ಕೂಸು ಅಡ್ಡ ಇದೆ, ಆಸ್ಪತ್ರೆಯೇ ಆಗಬೇಕು ಎಂದು ಸೂಲಗಿತ್ತಿ ಹೇಳಿದ್ದಳು.

ಹುಲಿಗೆವ್ವನನ್ನು ಹಿಂದೆ ಮಲಗಿಸಿದರು. ಗಂಡ ತಲೆಯ ಬಳಿ ಕೂತ. ಅಜ್ಜಾರು ಕರೆಯದಿದ್ದರೂ ಬಂದು ನೀಲವ್ವನ ಪಕ್ಕ ಕೂತರು.

ಏರು ಶುರುವಾಯಿತು. ನೀಲವ್ವ ಆಕ್ಸಿಲರೇಟರ್ ಒತ್ತಿದಳು. ಬಾನೆಟ್ಟಿನ ಕೆಳಗಿಂದ ಸಣ್ಣ ಸಿಳ್ಳೊಂದು ಎದ್ದಿತು. ಸಿಳ್ಳು ಏರಿತು, ಜೀಪೂ ಏರಿತು. ಎರಡನೇ ಗೇರಿನಲ್ಲಿ ನರಳುತ್ತಿದ್ದ ದಾರಿಯಲ್ಲಿ ಮೂರನೇ ಗೇರು ಬಿತ್ತು.

ನೋವಿನ ನಡುವೆ ಹುಲಿಗೆವ್ವ ಕೇಳಿದಳು, “ಅಕ್ಕಾ, ಏನದು ಸಿಳ್ಳು ಹೊಡ್ಯಾಕತ್ತೈತಿ?”

“ನಿನ್ನ ಕೂಸಿಗೆ ಜೋಗುಳ ಹಾಡಾಕತ್ತೈತವ್ವಾ!” ಎಂದು ಕೂಗಿದಳು ನೀಲವ್ವ. ಈ ಸಲ ಅವಳು ತಿರುವುಗಳನ್ನು ಎಣಿಸುವುದನ್ನೇ ಮರೆತಳು.

ಆಸ್ಪತ್ರೆಯ ಅಂಗಳದಲ್ಲಿ ಜೀಪು ನಿಂತಾಗ ಸಿಸ್ಟರುಗಳು ಸ್ಟ್ರೆಚರ್ ತಂದರು. ಹುಲಿಗೆವ್ವ, ಬರಮಪ್ಪ ಒಳಗೆ ಹೋದರು. ನೀಲವ್ವ ಇಳಿಯಲು ಒಂದು ಕಾಲು ಹೊರಗಿಟ್ಟು, ಕೀಲಿಗೆ ಕೈ ಹಾಕಿದಳು.

ಅಜ್ಜಾರು ಅವಳ ಕೈ ಹಿಡಿದರು.

“ಬಂದ್ ಮಾಡಬ್ಯಾಡ.”

“ಮುಟ್ಟಿದ್ವಲ್ರಿ ಅಜ್ಜಾರ!”

“ನೀ ಮುಟ್ಟಿದಿ. ಟರ್ಬೊದ ಚಕ್ರ ಇನ್ನೂ ಗುಡ್ಡ ಹತ್ತಾಕತ್ತೈತಿ. ಕೆಂಡ ಆಗಿರತೈತಿ. ಈಗ ಬಂದ್ ಮಾಡಿದ್ರ ಆಯಿಲ್ ಬರೋದು ನಿಲ್ಲತೈತಿ, ಒಳಗಿದ್ದದ್ದು ಹೊತ್ತಿ ಕರಕಾಗತೈತಿ. ಹಿಂಗ ಹತ್ತು ಸಲ ಮಾಡು, ನಿನ್ನ ಜೋಗುಳ ಮುಗೀತು.”

ನೀಲವ್ವ ಕಾಲನ್ನು ಒಳಗೆಳೆದುಕೊಂಡಳು. ಕೂತಳು. ಎಂಜಿನ್ ಮೆಲ್ಲಗೆ ಗುರುಗುಡುತ್ತಿತ್ತು. ಅವಳು ಆಸ್ಪತ್ರೆಯ ಬಾಗಿಲನ್ನೇ ನೋಡಿದಳು. ಒಂದು ನಿಮಿಷವೋ, ಒಂದು ಯುಗವೋ.

ಬರಮಪ್ಪ ಬಾಗಿಲಿಗೆ ಓಡಿ ಬಂದ. ಮುಖದ ತುಂಬ ಕಣ್ಣೀರು, ಬಾಯಿ ತುಂಬ ನಗು.

“ಅಕ್ಕಾ, ಹೊತ್ತಿಗೆ ಸರಿಯಾಗಿ ಬಂದೀರಂತ! ಕೂಸಿನ ಎದಿ ಬಡಿತ ಚೊಲೋ ಐತಂತ! ಆಪರೇಷನ್‌ಗೆ ಒಯ್ಯಾಕತ್ತಾರ. ನೀ ಬಾಜೂಕ ಇರಬೇಕಂತ ಹುಲಿಗೆವ್ವ ಕರಿಯಾಕತ್ತಾಳ!”

ನೀಲವ್ವ ಕೀಲಿಯನ್ನು ನೋಡಿದಳು. ಬಾಗಿಲನ್ನು ನೋಡಿದಳು. ಅವಳ ಕೈ ಕೀಲಿಯನ್ನು ಮುಟ್ಟಲಿಲ್ಲ. ಮಗುವಿನಂತೆ ಅಜ್ಜಾರ ಕಡೆ ತಿರುಗಿದಳು.

“ಇನ್ನೆಷ್ಟು ಹೊತ್ತು ಕುಂದ್ರಬೇಕ್ರಿ?”

ಅಜ್ಜಾರು ಗಹಗಹಿಸಿ ನಕ್ಕರು. ಸರಿದು ಬಂದು ಸ್ಟೇರಿಂಗ್ ಹಿಡಿದರು.

“ನೀ ಓಡವ್ವಾ. ಇದು ತಣ್ಣಗಾಗೋ ತನಕ ಕುಂದ್ರಾಕ ಅಂತ್ಲೇ ನಾ ಬಂದೀನಿ.”