ನಾಲ್ಕೆಲೆ ಭಂಗಿ

ಒಂದು ಕಾಡಿನಲ್ಲಿ ಯಾವ ಸೊಪ್ಪು ಬೇರನ್ನೇ ಆಗಲಿ ಮೊದಲು ಕರಿಮೋರೆಯ ಮುದಿ ಕೋತಿ ಮುಸುವ ಮರದ ಮೇಲೆ ಕೂತು ತಿಂದು ನೋಡಬೇಕು, ಅವನು ಸೈ ಎಂದದ್ದನ್ನು ಮಾತ್ರ ಜಿಂಕೆಗಳು ತಿನ್ನಬೇಕು ಎಂಬ ಕಟ್ಟಳೆಯಿತ್ತು. ಹುಲಿ ಕಂಡರೆ ಕೂಗಿ ಹೇಳುವ ಕೆಲಸವೂ ಅವನದೇ. ಆದರೆ ಹೋದ ವರ್ಷ ಕರಡಿ ಕೊಟ್ಟ ಜೇನು ನೆಕ್ಕಿದ ಮುಸುವ, ಕೆಮ್ಮಿಗೆಂದು ಕರಡಿ ತಂದ ಬೇರನ್ನು ಮೂಸಿಯೂ ನೋಡದೆ ಸೈ ಎಂದುಬಿಟ್ಟಿದ್ದ. ಅದನ್ನು ತಿಂದು ಮೂರು ಜಿಂಕೆಮರಿಗಳು ಸತ್ತವು. ಅವುಗಳಲ್ಲಿ ಒಂದನ್ನು ಹೆತ್ತ ಜಿಂಕೆಯೊಬ್ಬಳು ಅದನ್ನು ಮರೆತಿರಲಿಲ್ಲ.

ಅವಳ ಎರಡನೆಯ ಮರಿಗೆ ದಿನಕ್ಕೆ ಹತ್ತು ಸಲ ಮೈ ಸೆಟೆದು ಅದುರುವ ಸೆಳವು ಬರುತ್ತಿತ್ತು. ಮುಳ್ಳುಹಂದಿ ತಂದುಕೊಟ್ಟ ಭಂಗಿ ಸೊಪ್ಪಿನ ಒಂದೆಲೆ ತಿನ್ನಿಸಿದ್ದೇ ತಡ, ಸೆಳವು ಎರಡಕ್ಕಿಳಿಯಿತು.

"ಔಷಧಿ ನಿಜವೇ, ತಾಯಿ," ಎಂದ ಮುಸುವ ಮೇಲಿನಿಂದ. "ಈ ಸಲ ತಿಂಗಳುಗಟ್ಟಲೆ ನಾನೇ ತಿಂದು ನೋಡಿದ್ದೇನೆ. ಆದರೆ ಒಂದೆಲೆ ಮೀರಬೇಡ. ಮೀರಿದರೆ ಕರೆದರೂ ಕೇಳದಂಥ ನಿದ್ದೆ ಕವಿಯುತ್ತದೆ."

"ನಾನು ಅವನಿಗೆ ಜೇನು ಕೊಡಲಿಲ್ಲವಲ್ಲ, ಅದಕ್ಕೇ ಈ ಮಾತು," ಎಂದು ಮುಳ್ಳುಹಂದಿ ನಕ್ಕ.

ಜಿಂಕೆ ತಲೆಯೆತ್ತಿ ಮುಸುವನನ್ನು ನೋಡಿದಳು. "ನಿನ್ನ ಮಾತು ಕೇಳಿ ಒಂದನ್ನು ಕಳೆದುಕೊಂಡಿದ್ದೇನೆ. ಅಷ್ಟು ಸಾಕು," ಎಂದು ಮರಿಗೆ ನಾಲ್ಕೆಲೆ ತಿನ್ನಿಸಿದಳು. ಸೆಳವು ನಿಂತೇಹೋಯಿತು. ಮರಿ ಹಾಯಾಗಿ ಮಲಗಿತು. ಹೆತ್ತ ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಮುಸುವ ಕೂಗಿದ. ಹುಲಿ! ಜಿಂಕೆಯ ಕಾಲುಗಳು ಆ ಕೂಗನ್ನು ಒಂದಿಷ್ಟೂ ಅನುಮಾನಿಸಲಿಲ್ಲ. ಅವಳು ಆಗಲೇ ಹಳ್ಳ ದಾಟಿದ್ದಳು. ಅಲ್ಲಿಂದ ತಿರುಗಿ ಮರಿಯನ್ನು ಕರೆದಳು, ಮತ್ತೆ ಮತ್ತೆ ಕರೆದಳು. ಮುಸುವನೂ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ.

ಮರಿಯ ಕಿವಿ ಅಲ್ಲಾಡಲಿಲ್ಲ.