ಬೈಗುಳದ ದಿಬ್ಬ

ಬಳ್ಳಾರಿ ಸೀಮೆಯ ಎರೆಹೊಲಗಳ ನಡುವೆ ಮೂರಾಳೆತ್ತರದ ಬೂದಿಯ ಗುಡ್ಡೆಯೊಂದು ಇಂದಿಗೂ ನಿಂತಿದೆ. ಪಾನಕ ಕೊಟ್ಟು ಬರಮಾಡಿಕೊಳ್ಳುವ ಊರುಗಳನ್ನು ತಿರುಗಾಡಿದವರು ಬೇಕಾದಷ್ಟು ಕಂಡಿರಬಹುದು. ಇಲ್ಲಿಯ ಮರ್ಯಾದೆಯೇ ಬೇರೆ. ದಿಬ್ಬದ ಮೇಲೆ ಕಾಲಿಟ್ಟವರು ಯಾರೇ ಆಗಲಿ, ಊರ ಹೆಂಗಸರು ಸೊಂಟಕ್ಕೆ ಕೈಯಿಟ್ಟು ಅವರ ಮೂರು ತಲೆಮಾರನ್ನು ಬೈದೇ ಕೆಳಗಿಳಿಸುತ್ತಾರೆ. ಹೆಸರೂ ಅದೇ, ಬೈಗುಳದ ದಿಬ್ಬ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಚನಾಯಕನೆಂಬ ಪಾಳೆಗಾರ ಆಳುತ್ತಿದ್ದನಂತೆ. ಅವನಿಗೆ ಹೊಸ ಕೋಟೆಯ ಹುಚ್ಚು. ಗಾರೆಗೆ ಬೆರೆಸಲು ಬೂದಿ ಬೇಕೆಂದು ಈ ದಿಬ್ಬವನ್ನು ಬಂಡಿಗಟ್ಟಲೆ ಅಗೆಸತೊಡಗಿದ. ಕುರುಬರ ಸುಂಕ್ಲವ್ವ ಒಂಬತ್ತೇ ದಿನಕ್ಕೆ ತೀರಿಕೊಂಡ ಮಗಳನ್ನು ಗಡಿಗೆಯಲ್ಲಿಟ್ಟು ಆ ಬೂದಿಯಲ್ಲೇ ಹೂತಿದ್ದಳು. ಗುದ್ದಲಿಗಳು ದಿನಕ್ಕೊಂದು ಮಾರು ಆ ಜಾಗಕ್ಕೆ ಹತ್ತಿರವಾಗುತ್ತಿದ್ದವು. ಅತ್ತಳು, ಕಾಲಿಗೆ ಬಿದ್ದಳು, ಯಾರೂ ಕಿವಿಗೊಡಲಿಲ್ಲ. ಒಂದು ಬೆಳಿಗ್ಗೆ ಗುದ್ದಲಿಗೆ ಗಡಿಗೆಯೊಂದು ಸಿಕ್ಕಿ ಒಡೆದು, ಹಕ್ಕಿಯ ಎಲುಬಿನಷ್ಟು ಸಣ್ಣ ಎಲುಬುಗಳು ಉದುರಿದವು. ಅದು ಅವಳದಲ್ಲ, ಅವಳು ಹೂತದ್ದು ಇನ್ನೂ ಆಚೆ. ಇದು ಯಾವ ಕಾಲದ ಯಾವ ತಾಯಿಯದೋ. ಅಗೆಯುವವನು, ಯಾರದಾದರೇನು, ಬಂಡಿಗೆ ಹಾಕು ಎಂದ. ಸುಂಕ್ಲವ್ವ ಅಂದಿಗೆ ಅಳು ನಿಲ್ಲಿಸಿ ಬೈಗುಳ ಹಿಡಿದಳು. ಅಂತಿಂಥ ಬೈಗುಳವಲ್ಲ, ಯಾರ ಅಜ್ಜಿ ಯಾವ ಬಣವೆಯ ಹಿಂದೆ ಸಿಕ್ಕಿಬಿದ್ದಳು, ಯಾರ ಮುತ್ತಾತ ಸೀರೆಯುಟ್ಟು ಕಾಳಗದಿಂದ ಓಡಿಬಂದ, ಎಲ್ಲ ಹೆಸರು ಸಮೇತ. ಚಾವಟಿಗೆ ಬಗ್ಗದ ಆಳುಗಳು ನಾಲ್ಕೇ ದಿನಕ್ಕೆ ಗುದ್ದಲಿ ಎಸೆದು ಮನೆ ಸೇರಿದರು ಎನ್ನುತ್ತಾರೆ.

ಐದನೆಯ ದಿನ ನಾಯಕನೇ ದಂಡಿನೊಡನೆ ಬಂದ. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಧೈರ್ಯವಿದ್ದರೆ ತನ್ನನ್ನೂ ಬೈಯೆಂದ. ಸುಂಕ್ಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೈಯಾಕ ಹಿಂದಿನೋರು ಬೇಕಲ್ಲಪ್ಪ ನಾಯಕ. ನಿಮ್ಮ ಹಿರೀಕರ ವೀರಗಲ್ಲೆಲ್ಲ ಕಿತ್ತು ಕೋಟಿ ಮೆಟ್ಟಲಿಗೆ ಹಾಕಿಸೀದಿ. ನಿನ್ನ ಯಾರ ಮಗ ಅಂತ ಬೈಲಿ?"

ದಂಡಿನಲ್ಲಿ ಯಾರೋ ನಕ್ಕರು. ನಕ್ಕವನ ತಲೆ ಹೋಯಿತು ಎನ್ನುವವರೂ ಉಂಟು. ಅಗೆತವಂತೂ ನಿಂತಿತು. ನಾಯಕನಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ; ಈ ಮಾತು ಸಂತೆಗೆ ಮುಟ್ಟೀತೆಂಬ ಅಂಜಿಕೆ ಅಷ್ಟೆ. ಆ ಸಿಟ್ಟಿಗೆ ಸುಂಕ್ಲವ್ವನನ್ನು ಸೀಮೆಯಿಂದಲೇ ಓಡಿಸಿದ. ದಿಬ್ಬದ ಮೇಲೆ ಕಾಲಿಟ್ಟವರನ್ನು ಬೈಯದೆ ಬಿಡಬೇಡಿರೆಂದು ಊರ ಹೆಂಗಸರಿಂದ ಆಣೆ ಹಾಕಿಸಿಕೊಂಡು ಹೋದ ತಾಯಿ, ಮಗಳಿದ್ದ ಜಾಗವನ್ನು ಮತ್ತೆ ನೋಡಲಿಲ್ಲ.

ಈಚೆಗೆ ಪುರಾತತ್ತ್ವದವರು ಬಂದರು. ಅವರಿಗೂ ಮೂರು ತಿಂಗಳು ಬೈಗುಳವೇ. ತಲೆ ತಗ್ಗಿಸಿ, ಕುಂಚದಿಂದ ಬೂದಿ ಸರಿಸಿ, ಸಾವಿರಾರು ವರ್ಷದ ಹಿಂದೆ ಇಲ್ಲಿ ದನ ಕಟ್ಟಿ, ಸಗಣಿ ಸುಟ್ಟು ಈ ಬೂದಿ ಒಟ್ಟಿದವರ ಕೂಸುಗಳ ಗಡಿಗೆಗಳನ್ನು ಒಂದೂ ಒಡೆಯದೆ ಗುರುತು ಮಾಡಿ, ಇದ್ದಲ್ಲೇ ಉಳಿಸಿ ಗಾಜು ಹಾಕಿದರು. ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಈಚಿನ ಕಾಲದ್ದೊಂದು ಗಡಿಗೆ ಸಿಕ್ಕಿತು. ಅದು ಯಾರದೆಂದು ಅವರು ಕೇಳಿದಾಗ ಹೆಂಗಸರು ಮೊದಲ ಸಲ ಬೈಯದೆ ಉತ್ತರ ಕೊಟ್ಟರಂತೆ. ಪುರಾವೆಯಿಲ್ಲವೆಂದು ಅಧಿಕಾರಿಯೊಬ್ಬರು ತಕರಾರು ತೆಗೆದರು. ಅವರಿಗೆ ಒದಗಿಸಿದ ಪುರಾವೆಯ ಭಾಷೆಯನ್ನು ಇಲ್ಲಿ ಬರೆಯುವಂತಿಲ್ಲ. ಬಂದವರು ಇಂದು ಗಾಜಿನ ಮೂಲಕ ಹನ್ನೊಂದು ಗಡಿಗೆಗಳನ್ನು ನೋಡುತ್ತಾರೆ. ಹತ್ತರ ಮುಂದೆ ಬರೀ ಅಂಕಿ. ಒಂದರ ಮುಂದೆ ಮಾತ್ರ, ಸುಂಕ್ಲವ್ವನ ಮಗಳು ಎಂದು ಬರೆದಿದೆ.